ಮರಗೆಲಸದ ಮಣೆ: ಚನ್ನಪಟ್ಟಣದ ಸೀಮೆಯಲ್ಲಿ ಅದರ ಮರವೂ ಮಾಟವೂ

ನಮ್ಮ ನಾಡಿನ ಚರಿತ್ರೆಯನ್ನು ಬರೆದವರು ಕೋಟೆಗಳನ್ನು ಎಣಿಸಿರುವರು. ಪಾಳೆಯಗಾರರ ವಂಶಾವಳಿಗಳನ್ನು ಕೂಡಿಸಿರುವರು. ಬಂಡೆಗಳ ಮೇಲಣ ಅಕ್ಷರಗಳನ್ನು ಬಿಡಿಸಿ ಅಚ್ಚುಮಾಡಿಸಿರುವರು. ಇವೆಲ್ಲವೂ ಸ್ತುತ್ಯವಾದ ಕಾರ್ಯಗಳೇ. ಆದರೆ ಕೋಟೆಯ ಬಾಗಿಲನ್ನು ಮಾಡಿದ ಬಡಗಿಯು ಯಾವ ಮಣೆಯ ಮೇಲೆ ಹಲಗೆಯನ್ನಿಟ್ಟು ಹತ್ತರಿಯನ್ನು ಹಿಡಿದನು, ಮಗುವಿನ ಕೈಯ ಬೊಂಬೆಯನ್ನು ಕಡೆದವನು ಎಂತಹ ಗೂಟಗಳ ನಡುವೆ ಮರವನ್ನು ತಿರುಗಿಸಿದನು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಕೆಲಸದ ಮಣೆಗೆ ಶಾಸನವಿಲ್ಲ. ಅದು ಸವೆದು ಹೋದಾಗ ಒಲೆಗೆ ಸೌದೆಯಾಗುವುದು. ಆದುದರಿಂದ ಅದರ ಚರಿತ್ರೆಯನ್ನು ಭಾಷೆಯಲ್ಲಿಯೂ, ದಾರಿಹೋಕರ ಬರವಣಿಗೆಗಳಲ್ಲಿಯೂ, ಇಂದಿಗೂ ಕೆಲಸಮಾಡುತ್ತಿರುವ ಕೈಗಳಲ್ಲಿಯೂ ಹುಡುಕಬೇಕಾಗಿದೆ.

ಈ ಹುಡುಕಾಟಕ್ಕೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ಸೀಮೆಗಳಿಗಿಂತ ತಕ್ಕ ಕ್ಷೇತ್ರವು ಬೇರೊಂದಿಲ್ಲ. ಇಲ್ಲಿ ಮರವನ್ನು ಕಡೆದು ಅರಗಿನ ಬಣ್ಣವನ್ನೇರಿಸುವ ಕಸಬು ಮನೆಮನೆಯಲ್ಲಿ ಬಾಳಿದೆ. ಮೇಲಾಗಿ ಈಚಿನ ವರ್ಷಗಳಲ್ಲಿ ಕಸಬುದಾರರಲ್ಲದ ಗೃಹಸ್ಥರೂ ಮನೆಯಲ್ಲೊಂದು ಮರಗೆಲಸದ ಮಣೆಯನ್ನು ಹೂಡಬೇಕೆಂದು ಬಯಸುತ್ತಿರುವರು. ಯಾವ ಮರವು ಯೋಗ್ಯ, ಎತ್ತರವೆಷ್ಟಿರಬೇಕು, ಕುಳಿತು ಮಾಡುವುದೋ ನಿಂತು ಮಾಡುವುದೋ ಎಂದು ಅವರು ವಿಚಾರಿಸುವರು. ಇವು ಮೇಲುನೋಟಕ್ಕೆ ಬಡಗಿಯ ಪ್ರಶ್ನೆಗಳಂತೆ ತೋರಿದರೂ ವಸ್ತುತಃ ಚರಿತ್ರೆಯ ಪ್ರಶ್ನೆಗಳೇ ಆಗಿವೆ. ಏಕೆಂದರೆ ಮಣೆಯ ಮಾಟವು ಬದಲಾದಂತೆಲ್ಲ ಅದರ ಮುಂದೆ ಕೂರುವವರು ಯಾರು, ಕೆಲಸವು ನಡೆಯುವುದು ಮನೆಯಲ್ಲೋ ಅಂಗಡಿಯಲ್ಲೋ ಎಂಬುದೂ ಬದಲಾಗಿದೆ.

ಮೊದಲು ಶಬ್ದವನ್ನು ನೋಡೋಣ. ಮರವನ್ನು ತಿರುಗಿಸುತ್ತ ಉಳಿಯಿಂದ ದುಂಡಗೆ ಮಾಡುವ ಕೆಲಸಕ್ಕೆ ಕನ್ನಡದಲ್ಲಿ ‘ಕಡೆ’ ಎಂಬ ಧಾತುವಿದೆ. ಮೊಸರನ್ನು ಮಥಿಸಿ ಬೆಣ್ಣೆಯನ್ನು ತೆಗೆಯುವುದಕ್ಕೂ ಇದೇ ಧಾತು. ‘ಕಡೆಗೋಲು’ ಎಂಬುದು ಈ ಅರ್ಥದಿಂದ ಹುಟ್ಟಿದ ಮಾತು. ಒಂದೇ ಶಬ್ದವು ಅಡುಗೆಯ ಮನೆಗೂ ಬಡಗಿಯ ಪಡಸಾಲೆಗೂ ಸಂದದ್ದು ಆಕಸ್ಮಿಕವಲ್ಲ. ಕಂಬಕ್ಕೆ ಆತುಕೊಂಡ ಕಡೆಗೋಲಿಗೆ ಹಗ್ಗವನ್ನು ಸುತ್ತಿ, ಎರಡು ತುದಿಗಳನ್ನು ಹಿಡಿದು, ಒಮ್ಮೆ ಬಲಕ್ಕೂ ಒಮ್ಮೆ ಎಡಕ್ಕೂ ಎಳೆಯುವ ಗೃಹಿಣಿಯು ಮಾಡುವುದೇನೋ, ಹಳೆಯ ಬೊಂಬೆಗಾರನು ಮಾಡುತ್ತಿದ್ದುದೂ ಅದನ್ನೇ. ಕೋಲು ನೆಟ್ಟಗೆ ನಿಂತಿದ್ದರೆ ಮೊಸರು ಕಡೆಯುವುದು. ಕೋಲು ಅಡ್ಡವಾಗಿ ಮಲಗಿದರೆ ಮರವನ್ನು ಕಡೆಯುವುದು. ಯಜ್ಞಶಾಲೆಯ ಅರಣಿಮಂಥನದಲ್ಲಿಯೂ ಒಬ್ಬರು ಮೇಲಿನಿಂದ ಒತ್ತಿ ಹಿಡಿದು ಮತ್ತೊಬ್ಬರು ಹಗ್ಗವನ್ನು ಎಳೆಯುವ ಕ್ರಮವನ್ನು ಪಾಠಶಾಲೆಗಳಲ್ಲಿ ಓದಿದವರೆಲ್ಲ ಕಂಡಿರುವರು. ಬೆಣ್ಣೆ, ಬೆಂಕಿ, ಬೊಂಬೆ ಈ ಮೂರೂ ಒಂದೇ ಯುಕ್ತಿಯ ಫಲಗಳು.

ಸಂಸ್ಕೃತದಲ್ಲಿ ಈ ಯಂತ್ರಕ್ಕೆ ‘ಭ್ರಮ’ವೆಂದೂ ‘ಕುಂದ’ವೆಂದೂ ಹೆಸರುಗಳಿವೆ. ಸೂರ್ಯನ ತೇಜಸ್ಸನ್ನು ತಾಳಲಾರದೆ ಸಂಜ್ಞಾದೇವಿಯು ತೌರಿಗೆ ಹೋದಾಗ, ವಿಶ್ವಕರ್ಮನು ಅವನನ್ನು ಭ್ರಮಯಂತ್ರಕ್ಕೇರಿಸಿ ತೇಜಸ್ಸನ್ನು ಕಡೆದು ಕಡಮೆಮಾಡಿದನೆಂದು ಮಾರ್ಕಂಡೇಯ ಪುರಾಣವು ಹೇಳುವುದು. ಕಾಳಿದಾಸನು ರಘುವಂಶದ ಆರನೆಯ ಸರ್ಗದಲ್ಲಿ, ಇಂದುಮತಿಯ ಸ್ವಯಂವರಕ್ಕೆ ಬಂದ ಅವಂತಿಯ ಅರಸನನ್ನು ವರ್ಣಿಸುವಾಗ ಇದೇ ಕಥೆಯನ್ನು ಉಪಮಾನವಾಗಿ ತಂದಿರುವನು. ಕವಿಯ ಸಭೆಯಲ್ಲಿದ್ದವರಿಗೆ ಈ ಯಂತ್ರವು ಅಪರಿಚಿತವಾಗಿದ್ದರೆ ಆ ಉಪಮೆಗೆ ಬೆಲೆಯೇ ಇರುತ್ತಿರಲಿಲ್ಲ. ನಮ್ಮ ಕನ್ನಡ ನೆಲದಲ್ಲಿಯಾದರೋ ೧೧೧೭ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಬಳಪದ ಕಲ್ಲಿನ ಕಂಬಗಳನ್ನು ನೋಡಿದವರು, ಅವುಗಳ ಮೈಮೇಲಣ ಉಂಗುರದಂತಹ ದುಂಡು ಗೆರೆಗಳು ತಿರುಗುವ ಕಲ್ಲಿಗೆ ಉಳಿಯನ್ನು ಒಡ್ಡಿದಲ್ಲದೆ ಬಾರವೆಂಬುದನ್ನು ಒಪ್ಪುವರು. ಕಲ್ಲನ್ನೇ ಕಡೆದ ನಾಡಿಗೆ ಮರವನ್ನು ಕಡೆಯುವುದು ಹೊಸತಾಗಿರಲಾರದು. ಸುಂದರವಾದ ರೂಪವನ್ನು ಕಂಡಾಗ ‘ಕಡೆದಿಟ್ಟ ಬೊಂಬೆಯಂತಿದೆ’ ಎಂದು ನಮ್ಮ ಹೆಂಗಸರು ಹೇಳುವ ಮಾತಿನಲ್ಲಿಯೂ ಈ ಕಸಬಿನ ಹಳಮೆಯು ಅಡಗಿದೆ.

ಇನ್ನು ಊರಿನ ವಿಷಯ. ಚನ್ನಪಟ್ಟಣದ ಕೋಟೆಯನ್ನು ೧೫೮೦ರ ಸುಮಾರಿನಲ್ಲಿ ಜಗದೇವರಾಯನು ಕಟ್ಟಿಸಿದನು. ಅವನ ವಂಶದವರ ಆಳಿಕೆಯು ೧೬೩೦ರಲ್ಲಿ ಮೈಸೂರಿನ ಒಡೆಯರ ಕೈಸೇರುವವರೆಗೆ ನಡೆಯಿತು. ಟಿಪ್ಪು ಸುಲ್ತಾನನು ೧೭೯೯ರಲ್ಲಿ ಮಡಿದ ಮರುವರ್ಷ, ಅರ್ಥಾತ್ ೧೮೦೦ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಂಪೆನಿಯವರ ಆಜ್ಞೆಯಂತೆ ಈ ದಾರಿಯಲ್ಲಿ ಸಂಚರಿಸಿ ತಾನು ಕಂಡುದನ್ನೆಲ್ಲ ಬರೆದಿಟ್ಟನು. ಆ ಗ್ರಂಥವು ೧೮೦೭ರಲ್ಲಿ ಅಚ್ಚಾಯಿತು. ಚನ್ನಪಟ್ಟಣದ ಕೈಗಾರಿಕೆಗಳಲ್ಲಿ ಅವನು ವಿಶೇಷವಾಗಿ ವಿವರಿಸಿರುವುದು ಗಾಜಿನ ಬಳೆಗಳನ್ನೂ, ವೀಣೆ ಮೊದಲಾದ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯನ್ನೂ. ಈ ತಂತಿಯು ದೂರದ ಸೀಮೆಗಳಿಗೂ ಹೋಗುತ್ತಿದ್ದಿತು. ತಂತಿಯನ್ನು ಎಳೆಯಬಲ್ಲ ಉಕ್ಕನ್ನು ಬಲ್ಲ ಊರಿನಲ್ಲಿ ಮೊನಚಾದ ಉಳಿಗೆ ಬರವಿದ್ದಿರದು ಎಂಬುದನ್ನು ಮಾತ್ರ ಇಲ್ಲಿ ಗಮನಿಸಬೇಕು. ಆ ಶತಮಾನದ ಕೊನೆಗೆ, ರೈಸ್ ಸಾಹೇಬರು ೧೮೯೭ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಮೈಸೂರು ಗೆಜೆಟಿಯರಿನಲ್ಲಿ, ಬಳೆಗಳ ಮತ್ತು ತಂತಿಯ ಜೊತೆಗೆ ಅರಗಿನ ಬಣ್ಣದ ಸಾಮಾನುಗಳೂ ಬೊಂಬೆಗಳೂ ಚನ್ನಪಟ್ಟಣದ ಹೆಸರುವಾಸಿಯಾದ ವಸ್ತುಗಳಾಗಿ ಎಣಿಸಲ್ಪಟ್ಟಿವೆ. ಇಂದು ಬಳೆಯೂ ತಂತಿಯೂ ಮರೆತುಹೋಗಿ ಬೊಂಬೆಯೊಂದೇ ಊರಿನ ಹೆಸರನ್ನು ಹೊತ್ತು ನಿಂತಿದೆ.

ಈ ಕಸಬನ್ನು ಟಿಪ್ಪು ಸುಲ್ತಾನನು ಪಾರಸೀಕ ದೇಶದಿಂದ ಕುಶಲಿಗಳನ್ನು ಕರೆಯಿಸಿ ಇಲ್ಲಿಯವರಿಗೆ ಕಲಿಸಿದನೆಂಬ ಐತಿಹ್ಯವು ಸರ್ವತ್ರ ಪ್ರಚಾರದಲ್ಲಿದೆ. ಕೆಲವರು ಇದನ್ನು ಹಾಗೆಯೇ ನಂಬುವರು. ಮತ್ತೆ ಕೆಲವರು ಇದನ್ನು ಕೇಳಿದ ಕೂಡಲೆ ಸಿಡಿಮಿಡಿಗೊಳ್ಳುವರು. ಎರಡೂ ವಿಚಾರಶೀಲರ ರೀತಿಯಲ್ಲ. ‘ಕಡೆ’ ಎಂಬ ದೇಶ್ಯ ಧಾತುವೂ, ‘ಭ್ರಮ’ ‘ಕುಂದ’ ಎಂಬ ಸಂಸ್ಕೃತ ಶಬ್ದಗಳೂ, ಹೊಯ್ಸಳರ ಕಂಬಗಳೂ ಇರುವಾಗ, ಮರವನ್ನು ತಿರುಗಿಸಿ ಕಡೆಯುವ ಮೂಲವಿದ್ಯೆಯು ೧೮ನೆಯ ಶತಮಾನದಲ್ಲಿ ಹೊರಗಿನಿಂದ ಬಂದಿತೆಂಬುದು ನಿಲ್ಲಲಾರದು. ಅರಗು ಕೂಡ ನಮಗೆ ಹೊಸದಲ್ಲ. ಲಾಕ್ಷೆ, ಜತು ಎಂಬ ಹೆಸರುಗಳಿಂದ ಅದು ಪುರಾತನವಾಗಿ ತಿಳಿದಿದ್ದಿತು. ಪಾಂಡವರ ಅರಗಿನ ಮನೆಯ ಕಥೆಯನ್ನು ಕೇಳದ ಮಗುವಿಲ್ಲ. ಹಾಗೆಂದು ಐತಿಹ್ಯವನ್ನು ಪೂರ್ತಿಯಾಗಿ ತಳ್ಳಿಹಾಕುವುದೂ ಸರಿಯಲ್ಲ. ಉತ್ತರದ ಭಾಷೆಗಳಲ್ಲಿ ಈ ಯಂತ್ರಕ್ಕೆ ‘ಖರಾದ್’ ಎಂಬ ಪಾರಸೀಕ ಸಂಬಂಧದ ಹೆಸರಿದೆ. ಚನ್ನಪಟ್ಟಣದ ಕಸಬುದಾರರಲ್ಲಿ ಮುಸಲ್ಮಾನ ಮನೆತನಗಳು ಬಹಳ. ಅರಸನ ಆಶ್ರಯದಿಂದ ಹೊಸ ಮಾದರಿಗಳೂ ಹೊಸ ಬಣ್ಣಗಾರಿಕೆಯೂ ಬಂದಿರುವುದು ಅಸಂಭವವಲ್ಲ. ಬೇರು ಈ ನೆಲದ್ದು, ಕಸಿಯು ಹೊರಗಿನದು ಎಂದರೆ ಎರಡು ಪಕ್ಷಗಳಿಗೂ ನ್ಯಾಯವಾಗುವುದೆಂದು ತೋರುವುದು. ಕಸಿಮಾಡಿದ ಮಾವನ್ನು ಯಾರೂ ಪರದೇಶದ ಮರವೆನ್ನುವುದಿಲ್ಲ. ಕಸಿಮಾಡಿದವನ ಕೈಯನ್ನು ಮರೆಯುವುದೂ ಇಲ್ಲ.

ಹಳೆಯ ಕಡೆತದ ಮಣೆಯ ರಚನೆಯು ಅತ್ಯಂತ ಸರಳವಾದುದು. ನೆಲದ ಮೇಲೆ ಎರಡು ಗಟ್ಟಿಮರದ ತುಂಡುಗಳು ಎದುರುಬದುರಾಗಿ ನಿಲ್ಲುವುವು. ಒಂದು ಅಲುಗದಂತೆ ಬಿಗಿದುದು. ಮತ್ತೊಂದು ಕೆಲಸದ ಉದ್ದಕ್ಕೆ ತಕ್ಕಂತೆ ಸರಿಸತಕ್ಕುದು. ಎರಡರ ಒಳಮುಖದಲ್ಲಿಯೂ ಕಬ್ಬಿಣದ ಮೊನೆಗಳಿದ್ದು, ಅವುಗಳ ನಡುವೆ ಕಡೆಯಬೇಕಾದ ಮರವು ಸಿಕ್ಕಿಕೊಂಡಿರುವುದು. ಬಿಲ್ಲಿನ ಹಗ್ಗವನ್ನು ಒಂದು ಸುತ್ತು ಸುತ್ತಿ ಒಂದು ಕೈಯಿಂದ ಬಿಲ್ಲನ್ನು ಹಿಂದುಮುಂದು ಎಳೆಯುತ್ತ, ಮತ್ತೊಂದು ಕೈಯಿಂದ ಉಳಿಯನ್ನು ಹಿಡಿದು, ಅಲುಗದಂತೆ ಅದಕ್ಕೆ ಕಾಲಿನ ಬೆರಳುಗಳ ಆಸರೆಯನ್ನು ಕೊಡುವುದು. ದೊಡ್ಡ ಕೆಲಸವಾದರೆ ಹಗ್ಗವನ್ನು ಎಳೆಯಲು ಎರಡನೆಯವರೊಬ್ಬರು ಬೇಕು. ಮರವು ಉಳಿಯ ಕಡೆಗೆ ತಿರುಗುವಾಗ ಮಾತ್ರ ಕಡೆತ; ಹಿಮ್ಮುಖವಾಗಿ ತಿರುಗುವಾಗ ಉಳಿಯನ್ನು ತುಸು ಹಿಂದಕ್ಕೆಳೆಯಬೇಕು. ಹೀಗೆ ಅರ್ಧ ಕಾಲವು ಕೆಲಸಕ್ಕೆ, ಅರ್ಧ ಕಾಲವು ಕಾಯುವುದಕ್ಕೆ ಸಲ್ಲುವುದು. ಈ ಮಾದರಿಯು ನಮ್ಮಲ್ಲಿ ಮಾತ್ರ ಇದ್ದುದಲ್ಲ. ಈಜಿಪ್ಟ್ ದೇಶದಲ್ಲಿ ಕ್ರಿಸ್ತಪೂರ್ವ ೩೦೦ರ ಸುಮಾರಿನ ಪೆಟೊಸಿರಿಸ್ ಎಂಬ ಪುರೋಹಿತನ ಸಮಾಧಿಯ ಗೋಡೆಯಲ್ಲಿ, ಒಬ್ಬನು ಹಗ್ಗವನ್ನೆಳೆಯುತ್ತ ಇನ್ನೊಬ್ಬನು ಉಳಿಯನ್ನು ಹಿಡಿದಿರುವ ಚಿತ್ರವು ಇಂದಿಗೂ ಕಾಣಸಿಗುವುದು.

ಮಣೆಗೆ ಮರವನ್ನು ಆರಿಸುವಾಗ ಮೊದಲು ತಿಳಿಯಬೇಕಾದ ಸೂತ್ರವು ಇದು: ಕೆಲಸಕ್ಕೆ ಒಳಗಾಗುವ ಮರ ಬೇರೆ, ಕೆಲಸವನ್ನು ಹೊರುವ ಮರ ಬೇರೆ. ಮೊದಲನೆಯದು ಮೃದುವಾಗಿರಬೇಕು, ಎರಡನೆಯದು ಕಠಿನವಾಗಿರಬೇಕು. ಚನ್ನಪಟ್ಟಣದ ಬೊಂಬೆಗೆ ಸಲ್ಲುವುದು ಹಾಲೆ ಅಥವಾ ಆಲೆಯ ಮರ. ಇದನ್ನೇ ಕೆಲವು ಕಡೆ ಬೆಪ್ಪಾಲೆಯೆಂದೂ ಕರೆಯುವರು. ಎಲೆಯನ್ನು ಮುರಿದರೆ ಹಾಲು ಸುರಿಯುವುದು. ಮರವು ದಂತದಂತೆ ಬೆಳ್ಳಗಿರುವುದು. ನಾರು ಬಹಳ ನುಣುಪು. ಸಸ್ಯಶಾಸ್ತ್ರಜ್ಞರು ಇದರ ಲ್ಯಾಟಿನ್ ಹೆಸರಿನಲ್ಲಿ ‘ಬಣ್ಣಕೊಡುವುದು’ ಎಂಬ ವಿಶೇಷಣವನ್ನು ಸೇರಿಸಿರುವರು. ಇದರ ಎಲೆಯಿಂದ ಒಂದು ಬಗೆಯ ನೀಲಿಯು ಬರುವುದೇ ಅದಕ್ಕೆ ಕಾರಣ. ಆಂಧ್ರದ ಏಟಿಕೊಪ್ಪಾಕದ ಬೊಂಬೆಗಾರರು ‘ಅಂಕುಡು’ ಎಂದು ಕರೆದು ಬಳಸುವುದೂ ಇದೇ ಮರವನ್ನು. ಒಬ್ಬರನ್ನೊಬ್ಬರು ಕಾಣದ ಎರಡು ಊರುಗಳು ಒಂದೇ ಮರಕ್ಕೆ ಒಲಿದುದರಿಂದ, ಈ ಆಯ್ಕೆಯು ಅರಸನ ಆಜ್ಞೆಯಿಂದ ಬಂದುದಲ್ಲ, ಅರಗಿನ ಸ್ವಭಾವದಿಂದ ಬಂದುದೆಂದು ತಿಳಿಯುವುದು.

ಅರಗಿನ ಕೆಲಸದ ಕ್ರಮವನ್ನು ನೋಡಿದರೆ ಈ ಮಾತು ಸ್ಪಷ್ಟವಾಗುವುದು. ಹಸಿಮರವನ್ನು ಕೊಯ್ದು ಕೆಲವು ತಿಂಗಳು ನೆರಳಿನಲ್ಲಿ ಒಣಗಿಸುವರು. ಬಿಳಿಯ ಮರವಾದುದರಿಂದ ತೇವದಲ್ಲಿ ಬಿಟ್ಟರೆ ಕಲೆ ಬೀಳುವುದು. ಒಣಗಿದ ತುಂಡನ್ನು ಯಂತ್ರದ ಬಾಯಿಗೆ ಬಡಿದು ಕೂರಿಸಿ, ಕಡೆದು, ನುಣುಪುಮಾಡಿ, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುವರು. ಉಜ್ಜಾಟದಿಂದ ಹುಟ್ಟುವ ಬಿಸಿಯಲ್ಲಿ ಅರಗು ಕರಗಿ ಮರಕ್ಕೆ ಹತ್ತುವುದು. ಒಲೆಯೂ ಬೇಡ, ಕುಂಚವೂ ಬೇಡ. ಬಳಿಕ ತಾಳೆಯ ಎಲೆಯನ್ನು ಒತ್ತಿ ಹಿಡಿದರೆ ಅರಗು ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯುವುದು. ಇಲ್ಲಿ ತಾಳೆಯೆಂದರೆ ಕೇದಗೆಯೇ ಹೊರತು ಓಲೆಗರಿಯ ತಾಳವಲ್ಲ. ಹಳಗನ್ನಡದಲ್ಲಿ ಕೇದಗೆಗೆ ರಳಾಕ್ಷರದ ‘ತಾೞೆ’ಯೆಂಬ ಹೆಸರಿದ್ದು, ಆ ಅಕ್ಷರವು ನಷ್ಟವಾದ ಮೇಲೆ ಎರಡು ಗಿಡಗಳ ಹೆಸರುಗಳು ಬೆರೆತುಹೋದುವು. ಮರವು ಎಣ್ಣೆಯುಳ್ಳದ್ದಾಗಿದ್ದರೆ ಅರಗು ಹಿಡಿಯದು. ನಾರು ಒರಟಾಗಿದ್ದರೆ ಹೊಳಪು ಬಾರದು. ಬಣ್ಣವು ಕಪ್ಪಾಗಿದ್ದರೆ ಹಳದಿಯು ಹಳದಿಯಾಗಿ ತೋರದು. ಆದುದರಿಂದಲೇ ಬೀಟೆ, ತೇಗಗಳಂತಹ ಶ್ರೀಮಂತ ಮರಗಳನ್ನು ಬಿಟ್ಟು ಬಡವನಾದ ಹಾಲೆಯು ಇಲ್ಲಿ ಪಟ್ಟವೇರಿತು.

ಹೊರುವ ಮರದ ಲಕ್ಷಣವು ಇದಕ್ಕೆ ವಿರುದ್ಧವಾದುದು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಶಯನಾಸನಗಳಿಗೆ ತಕ್ಕ ಮರಗಳನ್ನು ಹೇಳುವಾಗ ಅಸನವನ್ನು ಮೊದಲು ಹೆಸರಿಸಿರುವನು. ಅಸನವೆಂದರೆ ನಮ್ಮ ಹೊನ್ನೆಯೆಂದು ವೈದ್ಯರು ಗುರುತಿಸುವರು. ಸಿಡಿಲು ಬಡಿದ, ಗಾಳಿಗೆ ಉರುಳಿದ, ಆನೆಯು ಕೆಡವಿದ, ಹಕ್ಕಿಯೋ ಜೇನೋ ಗೂಡುಕಟ್ಟಿದ ಮರಗಳನ್ನು ಅವನು ವರ್ಜಿಸಬೇಕೆನ್ನುವನು. ಇದನ್ನು ಶಕುನವೆಂದು ನಕ್ಕುಬಿಡುವವರು ಒಮ್ಮೆ ಬಡಗಿಯನ್ನು ಕೇಳಬೇಕು. ಗಾಳಿಗೆ ಉರುಳಿದ ಮರದ ಒಡಲಿನಲ್ಲಿ ಹೊರಗೆ ಕಾಣದ ಬಿರುಕುಗಳಿರುವುವು. ಗೂಡಿರುವ ಮರದಲ್ಲಿ ಪೊಟರೆಯೂ ಕೊಳೆಯೂ ಇರುವುದು ಸಹಜ. ಶಾಸ್ತ್ರವು ಅಶುಭವೆಂದುದನ್ನು ಬಡಗಿಯು ಒಡಕು ಎನ್ನುವನು. ಫಲದಲ್ಲಿ ಭೇದವಿಲ್ಲ.

ಈ ನಾಲ್ಕು ಸೀಮೆಗಳಲ್ಲಿ ಮಣೆಗೆ ತಕ್ಕ ಮರಗಳ ಬಡತನವಿಲ್ಲ. ಹೊಲದ ಬದುಗಳಲ್ಲಿ ಬೆಳೆಯುವ ಕರಿಜಾಲಿಯು ಗಾಡಿಯ ಗಾಲಿಗೂ ನೇಗಿಲಿಗೂ ಸಂದ ಮರ. ಪೆಟ್ಟನ್ನು ತಾಳುವ ಗುಣ ಅದಕ್ಕಿದೆ. ಹುಣಸೆಯ ಒಳತಿರುಳು ಕೊಡತಿಗೂ ಒನಕೆಗೂ ಪ್ರಸಿದ್ಧ. ಆದರೆ ಹೊರಗಿನ ಬಿಳಿಯ ಭಾಗಕ್ಕೆ ಹುಳು ಬೀಳುವುದರಿಂದ ಅದನ್ನು ಕೆತ್ತಿ ತೆಗೆಯಬೇಕು. ಮಾವು ಸುಲಭವಾಗಿ ಸಿಕ್ಕುವುದಾದರೂ ಹುಳುವಿಗೂ ತೇವಕ್ಕೂ ಬೇಗ ಸೋಲುವುದು. ದಿಂಡಿಗವು ಅಚ್ಚಿಗೆ ಹೇಳಿಮಾಡಿಸಿದ ಮರ. ಕನಕಪುರದ ದಕ್ಷಿಣಕ್ಕೆ ಕಾವೇರಿಯ ದಡದಲ್ಲಿ ಹೊಳೆಮತ್ತಿಗಳು ಮುಗಿಲಿಗೆ ಮುಟ್ಟಿ ನಿಂತಿವೆ. ಆದರೆ ೧೯೮೭ರಿಂದ ಆ ಕಾಡು ವನ್ಯಜೀವಿಧಾಮವಾಗಿರುವುದರಿಂದ ಅವು ಕಣ್ಣಿಗೆ ಮಾತ್ರ ಸಲ್ಲತಕ್ಕುವು. ಸ್ವಂತ ಹೊಲದ ಮರವನ್ನು ಕಡಿಯುವುದಕ್ಕೂ ೧೯೭೬ರ ಮರಗಳ ಸಂರಕ್ಷಣೆಯ ಕಾನೂನಿನಂತೆ ಅನೇಕ ವೇಳೆ ಅಪ್ಪಣೆಯು ಬೇಕಾಗುವುದೆಂಬುದನ್ನು ಗೃಹಸ್ಥರು ಮರೆಯಬಾರದು. ಇವೆಲ್ಲಕ್ಕಿಂತ ಉತ್ತಮವಾದುದು ಕೆಡವಿದ ತೊಟ್ಟಿಯ ಮನೆಗಳ ಹೊನ್ನೆಯ, ತೇಗದ ತೊಲೆ. ಅದು ಎರಡು ತಲೆಮಾರುಗಳ ಕಾಲ ಸೂರಿನಡಿಯಲ್ಲಿ ಒಣಗಿ, ಬಾಗುವಷ್ಟು ಬಾಗಿ, ಈಗ ನಿಶ್ಚಲವಾಗಿರುವುದು. ಹಳೆಯ ಮೊಳೆಗಳನ್ನು ಕಿತ್ತು, ಗೆದ್ದಲು ಹಿಡಿದ ಭಾಗವನ್ನು ಕೊಯ್ದರೆ ಅದಕ್ಕೆ ಸಮನಾದುದು ಅಂಗಡಿಯಲ್ಲಿ ದೊರೆಯದು.

ಮಣೆಯ ಮಾಟವು ಹೇಗೆ ಬದಲಾಯಿತೆಂಬುದನ್ನು ಇನ್ನು ಹೇಳಬೇಕಾಗಿದೆ. ಇಪ್ಪತ್ತನೆಯ ಶತಮಾನದ ಆರಂಭವು ಮೈಸೂರು ಸಂಸ್ಥಾನದಲ್ಲಿ ಕೈಗಾರಿಕೆಯ ಉತ್ಸಾಹದ ಕಾಲ. ಶಿವನಸಮುದ್ರದಲ್ಲಿ ೧೯೦೨ರಲ್ಲಿ ವಿದ್ಯುಚ್ಛಕ್ತಿಯ ಉತ್ಪಾದನೆಯು ಮೊದಲಾಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದುವು. ೧೯೧೧ರಲ್ಲಿ ಸಂಪದಭ್ಯುದಯ ಸಮಾಜವು, ಅರ್ಥಾತ್ ಮೈಸೂರು ಎಕನಾಮಿಕ್ ಕಾನ್ಫರೆನ್ಸು, ಹುಟ್ಟಿತು. ಈ ಶತಮಾನದಲ್ಲಿಯೇ ಬಾವಾಸ್ ಮಿಯಾ ಎಂಬ ಕುಶಲಿಯು ಜಪಾನಿನ ಬೊಂಬೆಗಾರಿಕೆಯ ರೀತಿಗಳನ್ನು ಚನ್ನಪಟ್ಟಣಕ್ಕೆ ಹೊಂದಿಸಿದನೆಂದು ಹೇಳುವರು. ಊರಿನವರು ಆತನನ್ನು ಈ ಕಸಬಿನ ತಂದೆಯೆಂದು ಇಂದಿಗೂ ನೆನೆಯುವರು. ಜಪಾನಿನ ಈಶಾನ್ಯದ ಸೀಮೆಗಳಲ್ಲಿ ಕೊಕೆಶಿಯೆಂಬ ಕಡೆದ ಬೊಂಬೆಗಳಿರುವುದರಿಂದ ಈ ನಂಟು ಆಶ್ಚರ್ಯಕರವಲ್ಲ. ಬಿಲ್ಲಿನ ಹಗ್ಗದ ಎಡೆಯಲ್ಲಿ ಮೊದಲು ಕೈಯಿಂದ ತಿರುವುವ ದೊಡ್ಡ ಗಾಲಿಯೂ, ಬಳಿಕ ಪಟ್ಟಿಯನ್ನು ಹೊದ್ದ ಮೋಟಾರೂ ಬಂದುವು. ಮರವು ಹಿಂದುಮುಂದಾಗಿ ತಿರುಗುವುದನ್ನು ಬಿಟ್ಟು ಒಂದೇ ಕಡೆಗೆ ಎಡೆಬಿಡದೆ ತಿರುಗತೊಡಗಿತು. ಕಾಯುವ ಅರ್ಧ ಕಾಲವು ಉಳಿಯಿತು. ಅರಗು ಸಮನಾಗಿ ಹತ್ತತೊಡಗಿತು. ನೆಲದಲ್ಲಿದ್ದ ಯಂತ್ರವು ಮೇಜಿನೆತ್ತರಕ್ಕೆ ಏರಿತು.

ಬಡಗಿಯ ಮಣೆಯ ಕಥೆಯೂ ಹೀಗೆಯೇ. ನಮ್ಮ ಬಡಗಿಯು ನೆಲದಲ್ಲಿ ಕುಳಿತು, ಹಲಗೆಯನ್ನು ಪಾದಗಳಿಂದ ಒತ್ತಿ ಹಿಡಿದು ಕೆಲಸಮಾಡುತ್ತಿದ್ದನು. ಅವನ ಕಾಲೇ ಅವನ ಇಕ್ಕುಳ. ಪಶ್ಚಿಮ ದೇಶಗಳಲ್ಲಿ ನಿಂತು ಕೆಲಸಮಾಡುವ ಎತ್ತರದ ಮಣೆಯು ಬೆಳೆಯಿತು. ಫ್ರಾನ್ಸಿನ ರೂಬೋ ಎಂಬ ಬಡಗಿಯು ೧೭೬೯ರಿಂದ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಅದರ ಲಕ್ಷಣವನ್ನು ಬರೆದಿಟ್ಟಿರುವನು: ಮೇಲ್ಹಲಗೆಯು ಬಹಳ ದಪ್ಪನಾದ ಒಂದೇ ತುಂಡು, ಕಾಲುಗಳು ಅದರೊಳಕ್ಕೆ ನೇರವಾಗಿ ಹೊಕ್ಕಿರುವುವು, ಭಾರವೇ ಅದರ ಬಲ. ಕೈಗಾರಿಕೆಯ ಶಾಲೆಗಳ ಮೂಲಕ ಈ ಮಣೆಯೂ, ವೈಸ್ ಎಂಬ ತಿರುಪಿನ ಹಿಡಿಯೂ ನಮ್ಮ ನಾಡಿಗೆ ಬಂದುವು.

ಈ ಬದಲಾವಣೆಯಿಂದ ಲಾಭವೂ ಆಯಿತು, ನಷ್ಟವೂ ಆಯಿತು. ಇಲ್ಲಿಯೇ ವಿಷಯದ ಮರ್ಮವಿದೆ. ಬಿಲ್ಲಿನ ಯಂತ್ರವು ಪಡಸಾಲೆಯ ಮೂಲೆಯಲ್ಲಿ ಹಿಡಿಯುತ್ತಿದ್ದಿತು. ಅದರ ಸದ್ದು ಮಾತಿಗೆ ಅಡ್ಡಿಯಾಗುತ್ತಿರಲಿಲ್ಲ. ಎಡೆಯಲ್ಲಿ ಕುಳಿತ ಮಗುವು ನೋಡಿನೋಡಿಯೇ ಕಲಿಯುತ್ತಿದ್ದಿತು. ಮೋಟಾರು ಬಂದ ಮೇಲೆ ಗದ್ದಲವೂ ಮರದ ಧೂಳೂ ಹೆಚ್ಚಿ ಅನೇಕ ಯಂತ್ರಗಳು ಮನೆಯನ್ನು ಬಿಟ್ಟು ಬೇರೆಯ ಕೊಟ್ಟಿಗೆಗಳಿಗೆ ಹೋದುವು. ವಿದ್ಯೆಯು ಮನೆಯ ಹೊಸ್ತಿಲನ್ನು ದಾಟಿದ ಬಳಿಕ ಅದನ್ನು ಮರಳಿ ಕರೆತರುವುದು ಕಷ್ಟ. ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ನೆಲದ ಯಂತ್ರಕ್ಕೆ ತೋಳಿನ ಬಲವೂ, ಕಾಲನ್ನು ಚಾಚಿ ಬಾಗಿ ಕೂರುವ ಭಂಗಿಯೂ ಬೇಕಾಗಿದ್ದುವು. ಮೇಜಿನೆತ್ತರದ ಮೋಟಾರಿನ ಯಂತ್ರಕ್ಕೆ ಬೇಕಾದುದು ಕಣ್ಣು ಮತ್ತು ಬೆರಳು. ಈಚಿನ ದಶಕಗಳಲ್ಲಿ ಚನ್ನಪಟ್ಟಣದ ಹೆಣ್ಣುಮಕ್ಕಳು ಯಂತ್ರದ ಮುಂದೆ ಕುಳಿತು ತಾವೇ ಕಡೆಯುತ್ತಿರುವುದು ಈ ಮಾಟದ ಬದಲಾವಣೆಯ ಫಲವಲ್ಲದೆ ಬೇರಲ್ಲ. ಹಗ್ಗವನ್ನೆಳೆಯುವ ಎಡೆಯಿಂದ ಉಳಿಯನ್ನು ಹಿಡಿಯುವ ಎಡೆಗೆ ಬರುವುದು ಸಣ್ಣ ಸಂಗತಿಯೇನಲ್ಲ. ಹಳೆಯ ಮಣೆಯು ಮಕ್ಕಳಿಗೆ ವಿದ್ಯೆಯನ್ನು ಕೊಟ್ಟಿತು. ಹೊಸ ಮಣೆಯು ಹೆಂಗಸರಿಗೆ ಸಂಪಾದನೆಯನ್ನು ಕೊಟ್ಟಿತು. ಮನೆಯಲ್ಲಿ ಮಣೆಯನ್ನು ಹೂಡುವವರು ಈ ಎರಡನ್ನೂ ಕಾಯ್ದುಕೊಳ್ಳುವ ಮಾಟವನ್ನು ಹುಡುಕಬೇಕು.

ಅಂತಹ ಮಾಟವು ಅಸಾಧ್ಯವಲ್ಲ. ಬಡಗಿಯ ಮಣೆಗೆ ಸುಮಾರು ೫ ಅಡಿ ಉದ್ದ, ೨ ಅಡಿ ಅಗಲ, ೩ ಅಂಗುಲ ದಪ್ಪದ ಮೇಲ್ಹಲಗೆ ಮನೆಯ ಕೆಲಸಕ್ಕೆ ಸಾಕು. ನೇರವಾಗಿ ನಿಂತು ಕೈಯನ್ನು ಇಳಿಬಿಟ್ಟಾಗ ಮಣಿಕಟ್ಟು ಎಲ್ಲಿಗೆ ಬರುವುದೋ ಅದೇ ಅದರ ಎತ್ತರ. ಮನೆಯ ಗಂಡಸಿನ ಅಳತೆಯನ್ನೊಂದನ್ನೇ ಹಿಡಿಯದೆ, ಕೆಲಸಮಾಡುವವರ ಅಳತೆಯನ್ನು ಹಿಡಿಯಬೇಕು; ಚಿಕ್ಕವರಿಗೆ ಕಾಲಡಿಯಲ್ಲಿ ಒಂದು ಹಲಗೆಯನ್ನಿಟ್ಟರೆ ತೀರಿತು. ಕಡೆತದ ಯಂತ್ರಕ್ಕಾದರೆ ಮರವು ತಿರುಗುವ ನಡುಗೆರೆಯು ಮೊಳಕೈಯ ಮಟ್ಟಕ್ಕೆ ಬರಬೇಕು. ಕುಳಿತು ಮಾಡುವವರು ಕುಳಿತ ಮೊಳಕೈಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು. ಕಾಲುಗಳ ತುದಿಯನ್ನು ಸಣ್ಣದಾಗಿ ಕೆತ್ತಿ ಮೇಲ್ಹಲಗೆಯ ತೂತಿನೊಳಗೆ ಹೊಗಿಸಿ ಬೆಣೆ ಹೊಡೆದರೆ ಮೊಳೆಯ ಆವಶ್ಯಕತೆಯಿಲ್ಲ; ಮಳೆಗಾಲದಲ್ಲಿ ಮರವು ಹಿಗ್ಗಿ ಬ್ಯಾಸಗೆಯಲ್ಲಿ ಕುಗ್ಗಿದಾಗ ಬೆಣೆಯನ್ನು ಮತ್ತೆ ಬಡಿಯಬಹುದು. ಹಸಿಮರವನ್ನೇ ತಂದಿದ್ದರೆ ಅಂಗುಲ ದಪ್ಪಕ್ಕೆ ಒಂದು ವರ್ಷವೆಂಬ ಸ್ಥೂಲವಾದ ಲೆಕ್ಕದಂತೆ, ತುದಿಗಳಿಗೆ ಮೇಣವನ್ನು ಬಳಿದು ನೆರಳಿನಲ್ಲಿ ಒಣಗಿಸಬೇಕು. ಆತುರಪಟ್ಟರೆ ಮಣೆಯು ಡೊಂಕಾಗುವುದು.

ಅಲುಗದಿರುವುದೇ ಮಣೆಯ ಮುಖ್ಯ ಧರ್ಮ. ಈ ವಿಷಯದಲ್ಲಿ ನಮ್ಮ ಸೀಮೆಗೆ ಪ್ರಕೃತಿಯ ಕೃಪೆಯಿದೆ. ಸಾವನದುರ್ಗದಿಂದ ರಾಮದೇವರ ಬೆಟ್ಟದವರೆಗೆ ಹಬ್ಬಿರುವ ಶಿಲೆಗೆ ಭೂವಿಜ್ಞಾನಿಗಳು ರಾಮನಗರದ ಹಿಂದಿನ ಹೆಸರಾದ ಕ್ಲೋಸ್‌ಪೇಟೆಯ ಹೆಸರನ್ನೇ ಇಟ್ಟಿರುವರು. ಆ ಕಲ್ಲಿನ ಒಂದು ಚಪ್ಪಡಿಯನ್ನು ಮಣೆಯ ಕೆಳಗಣ ಅಡ್ಡಪಟ್ಟಿಗಳ ಮೇಲೆ ಇಟ್ಟುಬಿಟ್ಟರೆ, ಹಗುರವಾದ ಮರದ ಮಣೆಯೂ ಬೇರೂರಿದಂತೆ ನಿಲ್ಲುವುದು. ಮೋಟಾರಿನ ನಡುಕವೂ ತಗ್ಗುವುದು. ಉಳಿದಂತೆ ಬೆಳಕು ಎಡಗಡೆಯಿಂದ ಬೀಳಬೇಕು. ಪಟ್ಟಿಗೂ ಗಾಲಿಗೂ ಸೆರಗು, ಜಡೆಗಳು ಸಿಕ್ಕದಂತೆ ಮುಚ್ಚಳವಿರಬೇಕು. ಧೂಳು ಹೊರಹೋಗಲು ಗವಾಕ್ಷವಿರಬೇಕು. ಮೂಗಿಗೆ ಬಟ್ಟೆಯನ್ನು ಕಟ್ಟಿಕೊಳ್ಳುವುದನ್ನು ಯಾರೂ ಅವಮಾನವೆಂದು ಭಾವಿಸಬಾರದು. ಇಷ್ಟು ಏರ್ಪಾಡಿದ್ದರೆ ಯಂತ್ರವು ಮನೆಯನ್ನು ಬಿಟ್ಟು ಹೋಗಬೇಕಾದ ಕಾರಣವಿಲ್ಲ. ಮಣೆಯ ಪಕ್ಕದಲ್ಲಿ ಒಂದು ಚಿಕ್ಕ ಪೀಠವನ್ನೂ ಇಡಬೇಕು. ಅದು ಕೆಲಸಮಾಡುವವರಿಗಲ್ಲ, ನೋಡುವ ಮಗುವಿಗೆ.

ಕೊನೆಗೆ ಒಂದು ಮಾತನ್ನು ಅರಿಕೆಮಾಡುವುದು ಉಚಿತ. ಚನ್ನಪಟ್ಟಣದ ಬೊಂಬೆಗಳಿಗೆ ೨೦೦೬ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯು ದೊರೆಯಿತು. ಹೆಸರನ್ನು ಕಾಯಲು ಕಾನೂನಿದೆ. ಆದರೆ ಹೆಸರಿನ ಕೆಳಗಿರುವ ಮರವನ್ನು ಕಾಯುವವರಾರು? ಹಾಲೆಯು ಸಣ್ಣ ಮರ, ನಿಧಾನವಾಗಿ ಬೆಳೆಯುವಂತಹುದು. ಈಗಾಗಲೇ ರಬ್ಬರು ಮೊದಲಾದ ಬೇರೆ ಮರಗಳೂ ಅದರ ಎಡೆಯಲ್ಲಿ ಕಾಣಿಸಿಕೊಳ್ಳುತ್ತಿವೆ. ಪ್ಲಾಸ್ಟಿಕ್ಕಿನ ಆಟದ ಸಾಮಾನುಗಳು ಸಂತೆಯನ್ನು ತುಂಬಿರುವ ಕಾಲದಲ್ಲಿ, ಅರಗಿನ ಬೊಂಬೆಗೆ ಇರುವ ಬಲವು ಅದರ ಮರ ಮತ್ತು ಬಣ್ಣದ ಶುದ್ಧಿಯೊಂದೇ. ಮಣೆಯ ಮರವನ್ನು ಒಮ್ಮೆ ತಂದರೆ ಮೂರು ತಲೆಮಾರಿಗೆ ಸಾಲುವುದು. ಮಣೆಯ ಮೇಲಿಡುವ ಮರವಾದರೋ ಪ್ರತಿ ವರ್ಷವೂ ಬೇಕು. ಆದುದರಿಂದ ಮನೆಯಲ್ಲಿ ಮಣೆಯನ್ನು ಹೂಡುವ ಗೃಹಸ್ಥನು ಅದೇ ದಿನ ಹೊಲದ ಬದುವಿನಲ್ಲಿಯೋ ಹಿತ್ತಲಿನಲ್ಲಿಯೋ ಎರಡು ಹಾಲೆಯ ಸಸಿಗಳನ್ನು ನೆಡುವುದು ಯುಕ್ತ. ಮಣೆಯು ಅವನ ಕೈಗೆ, ಸಸಿಯು ಅವನ ಮೊಮ್ಮಕ್ಕಳ ಕೈಗೆ. ನಾಲ್ಕು ತಾಲ್ಲೂಕುಗಳ ವಾಚಕ ಮಹಾಶಯರು ಇದನ್ನು ಮನಸ್ಸಿಗೆ ತಂದುಕೊಂಡು, ಮುಂಬರುವ ಮುಂಗಾರಿನಲ್ಲಿ ಆಚರಣೆಗೆ ತರುವರಾದರೆ ಈ ಲೇಖನದ ಉದ್ದೇಶವು ಸಫಲವಾದಂತೆ.